ಬಲಿಗೆಂದು ಬಂದು ಯಜಮಾನನಾದ ಮೀನು

ಉಪ್ಪುನೀರಿನ ಅಕ್ವೇರಿಯಂ ಇಡಲು ಹೊರಟ ಹೊಸಬರಿಗೆ ಅಮೆರಿಕ, ಯುರೋಪಿನ ಮೀನಿನ ಅಂಗಡಿಯವರು ದಶಕಗಟ್ಟಲೆ ಕೊಡುತ್ತಿದ್ದ ಸಲಹೆ ಒಂದೇ: ಮೊದಲು ಎರಡೋ ಮೂರೋ ಡ್ಯಾಮ್ಸೆಲ್ ಮೀನು ಬಿಡಿ. ತಿಂಗಳೊಪ್ಪತ್ತು ಬದುಕಿದರೆ ನಿಮಗೆ ಬೇಕಾದ ಮೀನಿಗೆ ಬನ್ನಿ. ಸತ್ತರೆ? ಇನ್ನೆರಡು ಡ್ಯಾಮ್ಸೆಲ್ ಒಯ್ಯಿರಿ. ಗೃಹಪ್ರವೇಶದಲ್ಲಿ ನಾವು ಹಸುವನ್ನು ಮೊದಲು ಒಳಗೆ ಕಳಿಸುತ್ತೇವಲ್ಲ, ಹಾಗೆ. ಹಸುವಿಗಾದರೆ ಪೂಜೆ, ಬಾಳೆಹಣ್ಣು ಸಿಗುತ್ತದೆ, ಸಂಜೆಗೆ ಕೊಟ್ಟಿಗೆಗೆ ಮರಳುತ್ತದೆ. ಡ್ಯಾಮ್ಸೆಲ್‌ಗೆ ಮರಳುವ ದಾರಿ ಇರಲಿಲ್ಲ.

ಹೆಬ್ಬೆರಳುದ್ದದ ಈ ಮೀನು ನೋಡಲು ಕಡಿಮೆಯದೇನಲ್ಲ. ಮಿಂಚುನೀಲಿ ಮೈಗೆ ಹಳದಿ ಬಾಲದ್ದು ಒಂದು, ಬಿಳಿ ಮೈಗೆ ಕರಿ ಪಟ್ಟೆಯದ್ದು ಇನ್ನೊಂದು, ಕಡುಗಪ್ಪು ಮೈಮೇಲೆ ಮೂರು ಬಿಳಿ ಚುಕ್ಕೆ ಹೊತ್ತ ಡೊಮಿನೊ ಮತ್ತೊಂದು. ಕುಟುಂಬದಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳಿವೆ. 2003ರ 'ಫೈಂಡಿಂಗ್ ನೀಮೊ' ಸಿನಿಮಾದಿಂದ ಮನೆಮಾತಾದ ಕ್ಲೌನ್ ಮೀನೂ ಇದೇ ಮನೆತನದ್ದು. ಒಬ್ಬ ಸೋದರ ತೆರೆಯ ಮೇಲೆ ನಾಯಕ, ಮತ್ತೊಬ್ಬ ಅಂಗಡಿಯ ಅಗ್ಗದ ಸರಕು! ಈ ಹಣೆಬರಹ ಬರೆದದ್ದು ಮೀನಿನ ಗುಣಕ್ಕಿಂತ ಹೆಚ್ಚಾಗಿ ನಮ್ಮ ಅರೆತಿಳಿವಳಿಕೆ ಎಂದೇ ನನಗನಿಸುತ್ತದೆ.

ಸಮುದ್ರವನ್ನು ಮನೆಯೊಳಗೆ ತರುವ ಆಸೆ ಹಳೆಯದು. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಇಂಗ್ಲೆಂಡಿನ ಟಾರ್ಕಿ ಕರಾವಳಿಯಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದು ಸಾಕಿದರು. ನೀರಿಗೆ ಗಾಳಿ ಬೆರೆಯಲೆಂದು ಕಿಟಕಿಯ ಬಳಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಹೊಯ್ಯುತ್ತಿರಬೇಕಿತ್ತು. ಆ ಕೆಲಸ ಮನೆಗೆಲಸದವಳ ಪಾಲಿಗೆ. ಇತಿಹಾಸ ಅವಳ ಹೆಸರನ್ನು ಅಷ್ಟಾಗಿ ನೆನೆಯುವುದಿಲ್ಲ, ಪಂಪಿನ ಕೆಲಸ ಮಾತ್ರ ಅವಳದೇ. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಗಿಡ, ಮೀನು, ಬಸವನಹುಳ ಒಂದನ್ನೊಂದು ಹೇಗೆ ಪೊರೆಯುತ್ತವೆ ಎಂದು ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದ ಮೀನಿನ ಮನೆ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕ ಹವ್ಯಾಸಕ್ಕೆ ಹುಚ್ಚು ಹಿಡಿಸಿತು. ಆದರೆ ಅವೆಲ್ಲ ಬ್ರಿಟನ್ನಿನ ತಣ್ಣೀರಿನ ಜೀವಿಗಳು. ಉಷ್ಣವಲಯದ ಹವಳದ ಮೀನು ಸಾಮಾನ್ಯರ ಮನೆಗೆ ಬರಲು ವಿಮಾನ ಬೇಕಿತ್ತು, ಪ್ಲಾಸ್ಟಿಕ್ ಚೀಲ ಬೇಕಿತ್ತು. ಅದಕ್ಕೆ ಇನ್ನೂ ನೂರು ವರ್ಷ ಕಾಯಬೇಕಾಯಿತು.

1960ರ ದಶಕದಲ್ಲಿ ಒಂದೊಂದೇ ತೊಡಕು ಬಿಡಿಸಿಕೊಂಡಿತು. ಅಲ್ಲಿಯವರೆಗೆ ಟ್ಯಾಂಕಿನ ಲೋಹದ ಚೌಕಟ್ಟನ್ನು ಉಪ್ಪುನೀರು ತಿಂದುಹಾಕುತ್ತಿತ್ತು; ಸಿಲಿಕೋನ್ ಅಂಟು ಬಂದ ಮೇಲೆ ಬರೀ ಗಾಜಿನಿಂದಲೇ ಟ್ಯಾಂಕ್ ಕಟ್ಟಬಹುದಾಯಿತು. ನಲ್ಲಿ ನೀರಿಗೆ ಬೆರೆಸಿ ಕಡಲನೀರು ಮಾಡಿಕೊಳ್ಳುವ ಉಪ್ಪಿನ ಮಿಶ್ರಣ ಪೊಟ್ಟಣದಲ್ಲಿ ಸಿಗತೊಡಗಿತು. ಸಮುದ್ರದಿಂದ ಸಾವಿರ ಮೈಲಿ ದೂರವಿದ್ದವರೂ ಹವಳದ ಮೀನು ತಂದಿಟ್ಟರು. ಮೀನು ಕೆಲವೇ ದಿನಗಳಲ್ಲಿ ಸತ್ತವು. ನೀರು ಮಾತ್ರ ತಿಳಿಯಾಗಿಯೇ ಇರುತ್ತಿತ್ತು.

ಕೊಲ್ಲುತ್ತಿದ್ದುದು ಮೀನಿನದೇ ವಿಸರ್ಜನೆ. ಮೀನು ಕಿವಿರುಗಳ ಮೂಲಕ ಅಮೋನಿಯಾ ಹೊರಬಿಡುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಹೆಚ್ಚು ನಿರುಪದ್ರವಿಯಾದ ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನ ಮರಳಲ್ಲಿ, ಕಲ್ಲಲ್ಲಿ ಈ ಬ್ಯಾಕ್ಟೀರಿಯಾ ಬೇರೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಕಡಲನೀರು ಕ್ಷಾರೀಯವಾದ್ದರಿಂದ ಅದರಲ್ಲಿ ಅಮೋನಿಯಾದ ವಿಷಕಾರಿ ಪಾಲು ಸಿಹಿನೀರಿಗಿಂತ ಜಾಸ್ತಿ. ಇಕ್ಕಟ್ಟು ನೋಡಿ: ಬ್ಯಾಕ್ಟೀರಿಯಾ ಬೆಳೆಯಲು ಅಮೋನಿಯಾ ಬೇಕು, ಅಮೋನಿಯಾಕ್ಕೆ ಮೀನು ಬೇಕು, ಬ್ಯಾಕ್ಟೀರಿಯಾ ಇಲ್ಲದೆ ಮೀನು ಉಳಿಯದು.

ಈ ಸಂದಿಗೆ ಸಿಕ್ಕಿದ್ದು ಡ್ಯಾಮ್ಸೆಲ್. ಆಳವಿಲ್ಲದ ಹವಳದ ದಂಡೆಗಳಲ್ಲಿ ಬಿಸಿಲಿಗೆ ನೀರು ಕಾಯುವುದು, ಮಳೆಗೆ ಉಪ್ಪು ಇಳಿಯುವುದು, ರಾತ್ರಿ ಆಮ್ಲಜನಕ ಕುಸಿಯುವುದು ಅದಕ್ಕೆ ಮಾಮೂಲು. ತಡೆದುಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಬಂದದ್ದು. ಸಾಲದ್ದಕ್ಕೆ ಅಗ್ಗ. ಬೆದರಿದಾಗ ದೂರ ಓಡದೆ ತನ್ನ ಹವಳದ ಕೊಂಬೆಗಳೊಳಗೇ ಹಿಂಡುಹಿಂಡಾಗಿ ನುಗ್ಗುವ ಮೀನನ್ನು ಹಿಡಿಯುವುದು ಎಷ್ಟು ಹೊತ್ತಿನ ಕೆಲಸ? ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಿಂದ ಸಯನೈಡ್ ಚಿಮುಕಿಸಿ ಮೀನನ್ನು ಮಂಪರಾಗಿಸಿ ಹಿಡಿಯುವ ಕೆಟ್ಟ ಚಾಳಿಯೂ ಶುರುವಾಯಿತು. ಆ ವಿಷಕ್ಕೆ ಹವಳವೂ ಸಾಯುತ್ತಿತ್ತು. ಜಾಗತಿಕ ವ್ಯಾಪಾರದ ಬಗ್ಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವಿಶ್ವ ಸಂರಕ್ಷಣಾ ನಿಗಾ ಕೇಂದ್ರ 2003ರಲ್ಲಿ ಹೊರತಂದ ವರದಿಯ ಪ್ರಕಾರ ವರ್ಷಕ್ಕೆ ಎರಡು ಕೋಟಿಗೂ ಮಿಕ್ಕಿ ಸಮುದ್ರದ ಅಲಂಕಾರಿಕ ಮೀನುಗಳು ಮಾರಾಟವಾಗುತ್ತಿದ್ದವು. ಅವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಒಂದೇ ಕುಟುಂಬದವು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಜಕಾರ್ತದ ಲೀ ಚಿನ್ ಎಂಗ್ 1961ರಲ್ಲೇ ಅಮೆರಿಕದ ಪತ್ರಿಕೆಯೊಂದರಲ್ಲಿ ತಮ್ಮ ವಿಧಾನ ಬರೆದಿದ್ದರು. ಸಮುದ್ರದಿಂದ ಜೀವಂತ ಬಂಡೆ ತರುವುದು, ಅಂದರೆ ಬ್ಯಾಕ್ಟೀರಿಯಾ, ಪಾಚಿ, ಹುಳುಹುಪ್ಪಟೆ ಸಮೇತ ಹವಳದ ಕಲ್ಲು ತರುವುದು, ಗಾಳಿಗುಳ್ಳೆ ಬಿಡುವುದು, ಅಷ್ಟೇ. ಬ್ಯಾಕ್ಟೀರಿಯಾ ಕಲ್ಲಿನಲ್ಲೇ ಬಂದಿರುವಾಗ ಬಲಿ ಯಾಕೆ? ಆದರೆ ಕಡಲು ಪಕ್ಕದಲ್ಲೇ ಇದ್ದ ಎಂಗ್‌ಗೆ ಸುಲಭವಾದದ್ದು ಕಡಲಿಂದ ದೂರದವರಿಗೆ ದಕ್ಕಲಿಲ್ಲ. ಕಲ್ಲಿನ ಮಹಿಮೆ ಪಶ್ಚಿಮದಲ್ಲಿ ನೆಲೆಯಾದದ್ದು ಮುಂದೆ ಜರ್ಮನಿಯ ಹವ್ಯಾಸಿಗಳಿಂದ. ಜೀವಂತ ಬಂಡೆ, ಪ್ರಖರ ದೀಪ, ಕೊಳೆಯನ್ನು ನೊರೆಯಾಗಿ ಎತ್ತಿಹಾಕುವ ಸ್ಕಿಮ್ಮರ್, ಸುಣ್ಣದ ತಿಳಿನೀರು ಸೇರಿದ ಆ ಪದ್ಧತಿಗೆ ಬರ್ಲಿನ್ನಿನ ಹೆಸರೇ ಅಂಟಿತು. 1980ರ ದಶಕದ ಹೊತ್ತಿಗೆ ಗಟ್ಟಿ ಹವಳವೂ ಮನೆಯಲ್ಲಿ ಬೆಳೆಯತೊಡಗಿತು.

ಆಗ ಹೊರಬಿತ್ತು ಡ್ಯಾಮ್ಸೆಲ್‌ನ ಇನ್ನೊಂದು ಮುಖ. ಸಾಯಲೆಂದು ಬಿಟ್ಟ ಮೀನು ಸಾಯದೆ ಟ್ಯಾಂಕಿನ ಯಜಮಾನನಾಗಿ ಕೂತಿತ್ತು. ಹೊಸ ಮೀನಿನ ಚೀಲ ನೀರಲ್ಲಿ ತೇಲಿಬಿಟ್ಟರೆ ಸಾಕು, ಡೊಮಿನೊ ಕಲ್ಲಿನ ಸಂದಿಯಿಂದ ಬಾಣದಂತೆ ಬಂದು ಪ್ಲಾಸ್ಟಿಕ್ಕಿಗೇ ಮೂತಿ ಗುದ್ದುತ್ತದೆ. ಹೊಸಬನನ್ನು ಹೊರಬಿಟ್ಟ ಮೇಲೆ ಬಾಲದ ಅಂಚನ್ನೇ ಗುರಿಯಿಟ್ಟು ಕಚ್ಚುತ್ತದೆ. ತನ್ನ ಎರಡರಷ್ಟು ದೊಡ್ಡ ಮೀನನ್ನೂ ಟ್ಯಾಂಕಿನ ಮೇಲ್ಮೂಲೆಗೆ ಅಟ್ಟಿ ಅಲ್ಲೇ ನಿಲ್ಲಿಸುತ್ತದೆ. ಕೆಳಗೆ ಬಾಲ ಬೀಸಿ ಮರಳು ಕೆದರಿ ಗುಂಡಿ ತೋಡುತ್ತದೆ, ಆ ಮರಳು ಪಕ್ಕದ ಹವಳದ ಮೇಲೆ. ಶುಚಿಮಾಡಲು ಒಳಗಿಟ್ಟ ಕೈಯನ್ನೂ ಬಿಡುವುದಿಲ್ಲ. ಮರಿಯ ಮುದ್ದಾದ ಬಿಳಿ ಚುಕ್ಕೆಗಳು ಬೆಳೆದಂತೆ ಮಾಸಿ, ಉಳಿಯುವುದು ಅಂಗೈಯಗಲದ ಮಂಕು ಬೂದು ಬಣ್ಣದ ಒರಟ. ಹಿಡಿದು ತೆಗೆಯೋಣವೆಂದರೆ ಬಲೆ ಕಂಡ ಕ್ಷಣ ಕಲ್ಲಿನೊಳಗೆ. ತಿಂಗಳುಗಟ್ಟಲೆ ಜೋಡಿಸಿದ ಬಂಡೆಗಳನ್ನು ಒಂದೊಂದಾಗಿ ಬಕೆಟ್ಟಿಗೆ ಎತ್ತಿಟ್ಟ ಮೇಲೇ ಅದು ಸಿಕ್ಕುವುದು. ಅಂಗಡಿಯವರು ಈ ಭಾಗವನ್ನು ಸಲಹೆಯಲ್ಲಿ ಸೇರಿಸುತ್ತಿರಲಿಲ್ಲ.

ಈಗ ಆ ಹಳೆಯ ಉದ್ಯೋಗ ಡ್ಯಾಮ್ಸೆಲ್‌ನ ಕೈಬಿಟ್ಟಿದೆ. ಬ್ಯಾಕ್ಟೀರಿಯಾ ಸೀಸೆಯಲ್ಲಿ ಸಿಗುತ್ತದೆ. ಅದಕ್ಕೆ ಆಹಾರವಾಗಿ ಅಮೋನಿಯಂ ಕ್ಲೋರೈಡ್ ಹನಿ ಹಾಕಿದರಾಯಿತು. ಪರೀಕ್ಷೆಯ ಗಾಜಿನ ನಳಿಕೆಯಲ್ಲಿ ಹಸಿರು ಬಣ್ಣ ಹೋಗಿ ಹಳದಿ ನಿಂತರೆ ಅಮೋನಿಯಾ ಮುಗಿಯಿತೆಂದು ಲೆಕ್ಕ. ಮೀನು ನರಳಬೇಕಿಲ್ಲ.

ಇಷ್ಟರಲ್ಲಿ ವಿಜ್ಞಾನಿಗಳು ಕಡಲಲ್ಲಿ ಕಂಡದ್ದು ಸೋಜಿಗದ್ದು. ಕೆಂಪು ಸಮುದ್ರದ ಐಲಾತ್‌ನಲ್ಲಿ ನಡೆದ, 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹವಳದ ಕೊಂಬೆಗಳ ನಡುವೆ ಮಲಗಿದ ಡ್ಯಾಮ್ಸೆಲ್‌ಗಳು ನಿದ್ದೆಯಲ್ಲೂ ಎಡೆಬಿಡದೆ ಈಜುರೆಕ್ಕೆ ಬಡಿಯುತ್ತ ಒಳಗಿನ ನೀರನ್ನು ಕಲಕುವುದು ಕಂಡುಬಂತು. ಅದರಿಂದ ಹವಳಕ್ಕೆ ರಾತ್ರಿಯ ಆಮ್ಲಜನಕ. ಆನಾ ಥಿನ್ ಅವರ ಮನೆಗೆಲಸದವಳು ಮಾಡುತ್ತಿದ್ದ ಕೆಲಸವನ್ನೇ ಇದು ಪುಕ್ಕಟೆ ಮಾಡುತ್ತದೆ. ಫ್ರೆಂಚ್ ಪಾಲಿನೇಷ್ಯದ ಮೊರೆಯಾದಲ್ಲಿ ಡ್ಯಾಮ್ಸೆಲ್ ಬೀಡುಬಿಟ್ಟ ಹವಳ ಬೀಡಿಲ್ಲದ್ದಕ್ಕಿಂತ ಬೇಗ ಬೆಳೆಯಿತು. ಕಾರಣ, ಮೀನು ಬಿಡುವ ಅಮೋನಿಯಾ ಹವಳದೊಳಗಿನ ಪಾಚಿಗೆ ಗೊಬ್ಬರ. ಟ್ಯಾಂಕಿನಲ್ಲಿ ವಿಷವೆಂದು ನಾವು ಅಳೆಯುತ್ತಿದ್ದುದೇ ಅಲ್ಲಿ ಉಣಿಸು. ಕೆಲವು ಪ್ರಭೇದಗಳಂತೂ ಪಕ್ಕಾ ರೈತರು: ಬೇಡದ ಪಾಚಿ ಕಿತ್ತೆಸೆದು ಬೇಕಾದ್ದನ್ನು ಕಾಯುತ್ತವೆ. ಬೆಲೀಜ್‌ನಲ್ಲಿ ಒಂದು ಪ್ರಭೇದ ಪುಟಾಣಿ ಮೈಸಿಡ್ ಸಿಗಡಿಗಳ ಹಿಂಡನ್ನು ತಿನ್ನದೆ ಕಾಪಾಡಿ, ಅವುಗಳ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುತ್ತದೆಂದು 2020ರಲ್ಲಿ ವರದಿಯಾಯಿತು. ಡ್ಯಾಮ್ಸೆಲ್‌ನ ಜಗಳಗಂಟಿತನ ಹೊಲದ ಬದುವಿನ ಜಗಳವೇ. ನಾಲ್ಕಡಿ ಗಾಜಿನೊಳಗೆ ಬದು ದಾಟದೆ ಬದುಕಲು ಯಾರಿಗೂ ಜಾಗವಿಲ್ಲ, ಅಷ್ಟೇ.

ಹಾಗಾಗಿ ಅನುಭವಿಗಳು ಈಗ ಡ್ಯಾಮ್ಸೆಲ್ ಅನ್ನು ಕೊನೆಗೆ ಬಿಡುತ್ತಾರೆ. ಸಾಧು ಸ್ವಭಾವದ ಹಳದಿ ಬಾಲದ್ದನ್ನು ಆರಿಸುತ್ತಾರೆ, ಡೊಮಿನೊ ಸಹವಾಸಕ್ಕೆ ಹೋಗುವುದಿಲ್ಲ. ಇದೇ ಕುಟುಂಬದ ಹಸಿರು ಕ್ರೋಮಿಸ್‌ನ ಗುಂಪು ಬಿಟ್ಟರೆ ಒಂದನ್ನೊಂದು ಪೀಡಿಸಿ ಸಂಖ್ಯೆ ಇಳಿಯುತ್ತ ಹೋಗುವುದೂ ಅವರಿಗೆ ಗೊತ್ತು.

ನಮ್ಮಲ್ಲಿ ಲೆಕ್ಕ ಸ್ವಲ್ಪ ಬೇರೆ. 2001ರಿಂದ ಗಟ್ಟಿ ಹವಳ, ಕರಿಹವಳ, ಸಮುದ್ರ ಬೀಸಣಿಗೆಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಮುಳುಗಿದವರು ಅಲ್ಲಿನ ಹವಳವನ್ನೂ ಮೀನನ್ನೂ ನೋಡಿ ಬರಬಹುದು, ಹವಳದ ತುಂಡನ್ನು ಎತ್ತಿ ತರುವಂತಿಲ್ಲ. ಮೀನಿನ ಮಾತು ಬೇರೆ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂನಲ್ಲಿ ಡೊಮಿನೊ, ಪಟ್ಟೆ ಡ್ಯಾಮ್ಸೆಲ್ ಸೇರಿದಂತೆ ಹಲವು ಪ್ರಭೇದಗಳನ್ನು ತೊಟ್ಟಿಯಲ್ಲೇ ಮರಿಮಾಡಿಸಿದೆ. ಕ್ಲೌನ್ ಮೀನಿಗಿಂತ ಇದು ಕಷ್ಟ, ಏಕೆಂದರೆ ಮೊಟ್ಟೆಯೊಡೆದ ಮರಿ ಎರಡು-ಮೂರು ಮಿಲಿಮೀಟರ್, ಬಾಯಿ ಸೂಜಿಮೊನೆಯಷ್ಟು. ಅದಕ್ಕೆ ಹಿಡಿಸುವ, ಕೊಪೆಪಾಡ್ ಎಂಬ ಪುಟಾಣಿ ಕಡಲಜೀವಿಯ ಮರಿಗಳನ್ನು ಮೊದಲು ಸಾಕಬೇಕು, ಆಮೇಲೆ ಮೀನನ್ನು. ಇಷ್ಟು ಪಡಿಪಾಟಲುಪಟ್ಟು ಬೆಳೆಸಿದ ಮೀನನ್ನು ನೀರು ಪರೀಕ್ಷಿಸಲು ಯಾರೂ ಬಲಿ ಕೊಡುವುದಿಲ್ಲ, ಬೆಲೆಯೇ ಬಿಡುವುದಿಲ್ಲ.