ಗಣಿ ಮ್ಯಾನೇಜರ್ ಆಗುವ ದಾರಿ

ಕೆಂಗೇರಿ ಬಸ್ಸಿನಿಂದ ಜ್ಞಾನಭಾರತಿಯಲ್ಲಿ ಇಳಿಯುವ ಭೂವಿಜ್ಞಾನದ ಹುಡುಗರನ್ನು ನೆಂಟರು ಕೇಳುವುದುಂಟು: ‘ಓದು ಮುಗಿದ್ಮೇಲೆ ಗಣಿ ಮ್ಯಾನೇಜರ್ ಆಗ್ತೀಯೇನಪ್ಪ?’ ಆ ಪದವಿಯೊಂದರಿಂದಲೇ ಆಗುವುದಿಲ್ಲ. ಅದಿರು ಎಲ್ಲಿದೆಯೆಂದು ಹೇಳುವ ಕೆಲಸ ಬೇರೆ, ಆಳುಗಳನ್ನು ಇಳಿಸಿ ಅದನ್ನು ತೆಗೆಸುವ ಕೆಲಸ ಬೇರೆ.

ಬೇರೆ ಉದ್ದಿಮೆಗಳಲ್ಲಿ ಮ್ಯಾನೇಜರ್ ಯಾರೆಂಬುದು ಮಾಲೀಕನ ಇಷ್ಟ. ಗಣಿಯಲ್ಲಿ ಹಾಗಲ್ಲ. 1952ರ ಗಣಿ ಕಾಯ್ದೆ ಹಾಕಿಕೊಟ್ಟ ಪದ್ಧತಿಯಂತೆ ಪ್ರತಿ ಗಣಿಗೂ ನಿಗದಿತ ಅರ್ಹತೆಯ ಮ್ಯಾನೇಜರ್ ಇರಲೇಬೇಕು. ಅರ್ಹತೆಯಿದ್ದರೆ ಮಾಲೀಕ ತನ್ನನ್ನೇ ನೇಮಿಸಿಕೊಳ್ಳಬಹುದು. ಇಲ್ಲದಿದ್ದರೆ ಎಷ್ಟು ದುಡ್ಡಿದ್ದರೂ ಆ ಕುರ್ಚಿ ಅವನದಲ್ಲ. ಆ ಅರ್ಹತೆಯ ಪ್ರಮಾಣಪತ್ರಕ್ಕೆ ಪರೀಕ್ಷೆ ನಡೆಸುವುದು ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಅದು ಗಣಿ ಸಚಿವಾಲಯಕ್ಕೆ ಸೇರಿದ್ದಲ್ಲ, ಕಾರ್ಮಿಕ ಸಚಿವಾಲಯಕ್ಕೆ ಸೇರಿದ್ದು. ಎಷ್ಟು ಟನ್ ಬಂತು ಎನ್ನುವುದಕ್ಕಿಂತ ಇಳಿದವರೆಲ್ಲ ಮೇಲೆ ಬಂದರೇ ಎಂದು ಕೇಳುವ ಕಚೇರಿ ಅದು.

ನಮ್ಮ ರಾಜ್ಯದಲ್ಲಿ ಮೈನಿಂಗ್ ಓದಲು ಸುರತ್ಕಲ್ಲಿನ ಎನ್‌ಐಟಿಕೆ ಇದೆ, ಡಿಪ್ಲೊಮಾಕ್ಕೆ ಕೆಜಿಎಫ್‌ನ ಸ್ಕೂಲ್ ಆಫ್ ಮೈನ್ಸ್ ಇದೆ. ಕೆಜಿಎಫ್‌ನ ಸ್ಥಿತಿ ವಿಚಿತ್ರ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದಿದ್ದ ಚಿನ್ನದ ಗಣಿ 2001ರ ಫೆಬ್ರುವರಿಯಲ್ಲಿ ಮುಚ್ಚಿತು. ಪಾಠ ಉಳಿಯಿತು, ಇಳಿದು ಕಲಿಯಲು ಊರಿನ ಶಾಫ್ಟೇ ಇಲ್ಲ.

ಓದು ಮುಗಿದರೆ ಗಣಿಯಲ್ಲಿ ದುಡಿದು ಅನುಭವ ಗಳಿಸಬೇಕು, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಬೇಕು, ದೇಹ ಗಟ್ಟಿಯಿದೆಯೆಂದು ವೈದ್ಯರ ಚೀಟಿ ಬೇಕು. ಆಮೇಲೆ ಪರೀಕ್ಷೆ: ಗಣಿ ಕಾನೂನು, ಸುರಂಗಕ್ಕೆ ಗಾಳಿ ಹಾಯಿಸುವ ವಿದ್ಯೆ, ಬೆಂಕಿ, ನೀರು ನುಗ್ಗುವಿಕೆ, ಯಂತ್ರ, ಸರ್ವೆ. ಸರ್ಟಿಫಿಕೇಟಿನಲ್ಲಿ ಫಸ್ಟ್ ಕ್ಲಾಸ್, ಸೆಕೆಂಡ್ ಕ್ಲಾಸ್ ಎಂದು ಎರಡು. ಇದು ಪಿಯುಸಿಯ ಫಸ್ಟ್ ಕ್ಲಾಸ್ ಅಲ್ಲ. ದೊಡ್ಡ ಗಣಿಯ ಹೊಣೆ ಹೊರಲು ಬೇಕಾದ ದರ್ಜೆ. ಬಯಲು ಗಣಿಗಷ್ಟೇ ಸೀಮಿತವಾದ ಪ್ರಮಾಣಪತ್ರವೂ ಉಂಟು. ಸಂಡೂರಿನ ದೋಣಿಮಲೈ ಕಬ್ಬಿಣದ ಗಣಿಗೆ ಅದು ಸಾಕು, ಹಟ್ಟಿ ಚಿನ್ನದ ಗಣಿಯ ಮಲ್ಲಪ್ಪ ಶಾಫ್ಟಿನ ಕೆಳಗೆ ನಡೆಯದು. ನೇಮಕವಾದ ಮ್ಯಾನೇಜರ್ ದಿನವೂ ಖುದ್ದಾಗಿ ಗಣಿಯ ಮೇಲ್ವಿಚಾರಣೆ ನಡೆಸಬೇಕು. ಬೆಂಗಳೂರಿನಲ್ಲಿ ಕುಳಿತು ಫೋನಿನಲ್ಲಿ ಗಣಿ ನಡೆಸುವ ಕನಸು ಕಾಣುವವರಿಗೆ ಇದು ಕಹಿ ಸುದ್ದಿ.

ಹೆಣ್ಣುಮಕ್ಕಳ ಕಥೆ ಬೇರೆ. ನೆಲದಡಿಯ ಕೆಲಸ ಅವರಿಗೆ ಕಾನೂನೇ ನಿಷೇಧಿಸಿತ್ತು. ಇಳಿಯದೆ ಅನುಭವವಿಲ್ಲ, ಅನುಭವವಿಲ್ಲದೆ ಪೂರ್ಣ ಪ್ರಮಾಣಪತ್ರವಿಲ್ಲ; ಓದಿದ್ದರೂ ಬಾಗಿಲು ಅಲ್ಲಿಗೇ ಮುಚ್ಚುತ್ತಿತ್ತು. 2019ರ ಜನವರಿಯ ಅಧಿಸೂಚನೆ ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಹುದ್ದೆಗಳಿಗೆ ಆ ನಿಷೇಧವನ್ನು ಸಡಿಲಿಸಿತು: ಬೆಳಗ್ಗೆ 6ರಿಂದ ಸಂಜೆ 7ರವರೆಗೆ, ಲಿಖಿತ ಒಪ್ಪಿಗೆಯೊಂದಿಗೆ. ವಿಜಯನಗರದ ಹುಡುಗಿಯೊಬ್ಬಳು ಮೈನಿಂಗ್ ಓದುತ್ತೇನೆಂದರೆ ಮನೆಯವರು ಇನ್ನೂ ಬೆಚ್ಚುತ್ತಾರೆ. ಆದರೆ ಶಾಫ್ಟಿನ ಬಾಯಲ್ಲಿ ಈಗ ಅವಳನ್ನು ತಡೆಯುವವರಿಲ್ಲ.