ಮೀನಿನಲ್ಲಿ ಪಾಲು, ಅಧಿಕಾರದಲ್ಲಿ ಸರದಿ

ಸಮೋವಾದ ಅಪಿಯಾ ಬಂದರು ಬಿಟ್ಟ ಮಟಾಲಿಕಿ ಹಡಗು ಉತ್ತರದ ಕಡೆಗೆ ಒಂದು ಹಗಲು ಒಂದು ರಾತ್ರಿ ಪೂರ್ತಿ ಸಾಗಬೇಕು. ಆಮೇಲೆ ನೀರಿನ ಅಂಚಿನಲ್ಲಿ ಮೊದಲು ತೆಂಗಿನ ಗರಿಗಳು ಕಾಣುತ್ತವೆ. ಇನ್ನಷ್ಟು ಹತ್ತಿರ ಹೋದಂತೆ ಆ ಮರಗಳಿಗೆ ಬುಡ ಮೂಡುತ್ತದೆ, ಬುಡದ ಕೆಳಗೆ ಬಿಳಿ ಮರಳಿನ ತೆಳು ಗೆರೆ, ಅದರ ಮುಂದೆ ನೊರೆಯುಕ್ಕಿಸುವ ಹವಳದ ದಂಡೆ. ಇದು ಟೊಕೆಲಾವ್. ನ್ಯೂಜಿಲೆಂಡಿನ ಆಡಳಿತಕ್ಕೆ ಸೇರಿದ ಮೂರು ಹವಳದ ದ್ವೀಪಗಳ ನಾಡು. ವಿಮಾನ ಇಳಿಯುವ ಜಾಗ ಇಲ್ಲಿಲ್ಲ, ಹಡಗು ಕಟ್ಟುವ ಬಂದರೂ ಇಲ್ಲ.

ಹಡಗು ಬಂದ ದಿನ ಊರಿಗೆ ಊರೇ ದಡದಲ್ಲಿರುತ್ತದೆ. ದಂಡೆಯಾಚೆ ಹಡಗು ಅಲೆಗಳ ಮೇಲೆ ತೂಗುತ್ತಾ ಕಾಯುತ್ತದೆ. ಹವಳಕ್ಕೆ ಸಿಡಿಮದ್ದಿಟ್ಟು ಸೀಳಿದ ಕಿರುದಾರಿಯಿಂದ ಚಪ್ಪಟೆ ತಳದ ದೋಣಿ ಬಂದು ಅದರ ಪಕ್ಕೆಗೆ ಒತ್ತಿ ನಿಲ್ಲುತ್ತದೆ. ಅಕ್ಕಿ ಮೂಟೆ, ಹಿಟ್ಟಿನ ಚೀಲ, ಸಿಮೆಂಟು, ಪೆಟ್ರೋಲಿನ ಪೀಪಾಯಿ, ಔಷಧದ ಪೆಟ್ಟಿಗೆ ಎಲ್ಲವೂ ಈ ದೋಣಿಗೇ ಇಳಿಯಬೇಕು. ಜನರೂ ಹಾಗೆಯೇ. ಅಲೆ ದೋಣಿಯನ್ನು ಮೇಲೆತ್ತುವ ಕ್ಷಣಕ್ಕೆ ಕಾದು ಅಜ್ಜಿಯರ ರಟ್ಟೆ ಹಿಡಿದು ದಾಟಿಸುತ್ತಾರೆ. ಹಸುಗೂಸುಗಳು ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಬರುತ್ತವೆ. ಸಮುದ್ರ ಕೆರಳಿದ್ದರೆ ಸರಕೂ ಕಾಯಬೇಕು, ದೊಡ್ಡಾಸ್ಪತ್ರೆಗೆ ಹೊರಟ ರೋಗಿಯೂ ಕಾಯಬೇಕು.

ಸಮೋವಾಕ್ಕೆ ಸುಮಾರು 500 ಕಿಲೋಮೀಟರ್ ಉತ್ತರದಲ್ಲಿರುವ ಈ ನಾಡಿನ ಬಡಗಣ ತುದಿಯಲ್ಲಿ ಅಟಾಫು, ನಡುವೆ ನುಕುನೋನು, ತೆಂಕಣದಲ್ಲಿ ಫಕಾಓಫೋ. ಒಂದರಲ್ಲಿ ನಿಂತರೆ ಇನ್ನೊಂದು ಕಾಣಿಸದು. ನಡುವೆ 60ರಿಂದ 90 ಕಿಲೋಮೀಟರ್ ತೆರೆದ ಕಡಲಿದೆ. ಮೂರೂ ಅಟಾಲ್‌ಗಳು: ಎಂದೋ ಕುಸಿದು ಮುಳುಗಿದ ಜ್ವಾಲಾಮುಖಿಯ ಸುತ್ತ ಬೆಳೆಯುತ್ತಲೇ ಹೋದ ಹವಳದ ಉಂಗುರ, ಉಂಗುರದ ಒಳಗೆ ತಿಳಿಹಸಿರು ಲಗೂನ್, ಉಂಗುರದ ಮೇಲೆ ಅಲ್ಲಲ್ಲಿ ಮರಳು ಸೇರಿ ಆದ ಸಣ್ಣ ನಡುಗಡ್ಡೆಗಳು. ಮಂಗಳೂರಿನಿಂದ ಸರಕು ಹೊತ್ತು ಹಡಗುಗಳು ಹೋಗುವ ಲಕ್ಷದ್ವೀಪದ ನೆಲವೂ ಇದೇ ಜಾತಿಯದು. ಮೂರರ ಒಣನೆಲವನ್ನು ಕೂಡಿಸಿದರೂ 12 ಚದರ ಕಿಲೋಮೀಟರ್ ದಾಟುವುದಿಲ್ಲ. ಎತ್ತರದ ಜಾಗವೆಂದರೆ ಸಮುದ್ರಮಟ್ಟದಿಂದ 5 ಮೀಟರ್ ಆಸುಪಾಸು. ಆದರೆ ಸುತ್ತಲಿನ ಕಡಲಿನಲ್ಲಿ ಟೊಕೆಲಾವ್‌ನ ಹಕ್ಕಿರುವ ಪ್ರದೇಶ ಸುಮಾರು 3,19,000 ಚದರ ಕಿಲೋಮೀಟರ್. ಈ ಜನರ ಹೊಲ, ಕಾಡು, ಖಜಾನೆ ಎಲ್ಲವೂ ಆ ನೀರೇ.

ಇಲ್ಲಿ ಗುಡ್ಡವಿಲ್ಲ, ಹೊಳೆಯಿಲ್ಲ, ಮಣ್ಣೆಂಬುದೂ ಹೆಸರಿಗೆ ಮಾತ್ರ. ಮರಳು, ಹವಳದ ಚೂರು, ಅದರ ಮೇಲೆ ಕೊಳೆತ ಎಲೆಯ ತೆಳು ಪದರ. ತೆಂಗು, ಕೇದಗೆ, ದೀವಿಹಲಸು ಅಷ್ಟರಲ್ಲೇ ಬೇರೂರಿವೆ. ಗಡ್ಡೆ ಬೆಳೆಯಬೇಕಾದರೆ ಹಿಂದಿನವರು ನೆಲವನ್ನೇ ಅಗೆದರು. ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ಸಿಹಿನೀರಿನ ಪದರ ತಾಕುವಷ್ಟು ಆಳಕ್ಕೆ ಹೊಂಡ ತೋಡಿ, ಎಲೆಗೊಬ್ಬರ ತುಂಬಿ, ಪುಲಾಕ ಎಂಬ ಕೆಸುವಿನ ಜಾತಿಯ ಗಡ್ಡೆ ನೆಟ್ಟರು. ಕುಡಿಯುವ ನೀರು ಮಾಡಿನಿಂದ ತೊಟ್ಟಿಗಿಳಿದ ಮಳೆಯದು. 2011ರಲ್ಲಿ ತಿಂಗಳುಗಟ್ಟಲೆ ಮಳೆ ಕೈಕೊಟ್ಟಾಗ ತುರ್ತು ಪರಿಸ್ಥಿತಿ ಘೋಷಿಸಿ, ಹಡಗಿನಲ್ಲಿ ನೀರು ತರಿಸಬೇಕಾಯಿತು.

ಫಕಾಓಫೋದ ಹಳೆಯ ಊರು ಫಾಲೆ ಎಂಬ ಪುಟ್ಟ ನಡುಗಡ್ಡೆಯ ಮೇಲಿದೆ. ಅಂಚಿನಲ್ಲಿ ಹವಳದ ಕಲ್ಲಿನ ಗೋಡೆ ಕಟ್ಟಿ, ಒಳಗೆ ಕಲ್ಲುಚೂರು ತುಂಬಿ, ತಲೆಮಾರುಗಳ ಜನ ಅದನ್ನು ಹಿಗ್ಗಿಸಿಕೊಂಡಿದ್ದಾರೆ. ಮನೆಗೆ ಮನೆ ತಾಗುವಷ್ಟು ಒತ್ತಾದಾಗ, 1960ರ ಹೊತ್ತಿಗೆ ಪಕ್ಕದ ಫೆನುವಾ ಫಲಾದಲ್ಲಿ ಇನ್ನೊಂದು ಊರು ಎದ್ದಿತು. ಫಾಲೆಯ ಹಂದಿಗಳದ್ದೂ ಬೇರೆಯೇ ಬದುಕು. ಅವುಗಳ ಗೂಡು ಕಡಲಂಚಿನಲ್ಲಿದೆ. ಇಳಿತದ ಹೊತ್ತಿಗೆ ಅವು ದಂಡೆಯ ಮೇಲೆ ಇಳಿದು, ನೀರಿನಲ್ಲಿ ಮೂತಿ ಅದ್ದಿ ಮೇವು ಹುಡುಕುತ್ತವೆ, ಬೇಕಾದಲ್ಲಿ ಈಜುತ್ತವೆ.

ಮೀನು ಹಿಡಿಯಲು ಹೋದ ಗಂಡಸರು ಮರಳುವ ಹೊತ್ತನ್ನು ನೋಡಿದರೆ ಈ ನಾಡು ಹೇಗೆ ನಿಂತಿದೆ ಎಂಬುದು ತಿಳಿಯುತ್ತದೆ. ಊರಿನ ಪರವಾಗಿ ಹೋದ ದೋಣಿಗಳ ಮೀನೆಲ್ಲ ದಡದಲ್ಲಿ ಒಂದೆಡೆ ಸುರಿಯುತ್ತಾರೆ. ಹಂಚುವ ಕೆಲಸಕ್ಕೆಂದೇ ನೇಮಕವಾದವರು ಮೀನನ್ನು ಜಾತಿ ನೋಡಿ, ಗಾತ್ರ ನೋಡಿ ಬೇರ್ಪಡಿಸಿ, ಸಾಲಾಗಿ ಗುಡ್ಡೆ ಹಾಕುತ್ತಾರೆ. ಪಾಲು ಪಡೆಯುವ ಯಾವ ಗುಂಪಿನಲ್ಲಿ ಎಷ್ಟು ತಲೆಗಳಿವೆ ಎಂಬ ಲೆಕ್ಕ ಅವರ ನಾಲಗೆಯ ತುದಿಯಲ್ಲಿರುತ್ತದೆ. ದೊಡ್ಡ ಮೀನನ್ನು ಕತ್ತರಿಸಿ ತುಂಡು ಸೇರಿಸಿ ಗುಡ್ಡೆಗಳನ್ನು ಸರಿದೂಗಿಸುತ್ತಾರೆ, ಇಲ್ಲಿಂದ ಒಂದು ತೆಗೆದು ಅಲ್ಲಿಗೆ ಹಾಕುತ್ತಾರೆ. ಎಲ್ಲ ಸಮವಾಯಿತು ಎನಿಸಿದ ಮೇಲೆ ಒಂದೊಂದೇ ಗುಂಪಿನ ಹೆಸರು ಕೂಗುತ್ತಾರೆ. ಬುಟ್ಟಿ, ಬಕೆಟ್ಟು ಹಿಡಿದು ನಿಂತ ಮಕ್ಕಳು ಓಡಿಬಂದು ತಮ್ಮ ಪಾಲು ಎತ್ತಿಕೊಳ್ಳುತ್ತಾರೆ. ನಿನ್ನೆ ಹುಟ್ಟಿದ ಕೂಸಿಗೂ ಪಾಲುಂಟು, ಕಡಲಿಗಿಳಿಯಲಾಗದ ಮುದುಕನಿಗೂ ಉಂಟು, ಗಂಡನಿಲ್ಲದ ಹೆಂಗಸಿಗೂ ಉಂಟು. ಬಲೆ ಎಳೆದವನಿಗೆಂದು ಹೆಚ್ಚಿನ ತುಂಡು ಇಲ್ಲ. ಇದರ ಹೆಸರು ಇನಾಟಿ. ಆಮೆ ಸಿಕ್ಕಿದರಂತೂ ಹಿಡಿದವನು ಮನೆಗೊಯ್ಯುವಂತಿಲ್ಲ, ಹಿಂದಿನಿಂದಲೂ ಅದು ಊರಿನ ಸ್ವತ್ತು.

ಇನಾಟಿಯನ್ನು ದಾನಧರ್ಮದ ಸಾಲಿಗೆ ಸೇರಿಸಿದರೆ ತಪ್ಪಾದೀತು. ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ ಎಂಬುದು ಅಲ್ಲಿ ಇಲ್ಲವೇ ಇಲ್ಲ. ಚಂಡಮಾರುತ ಬಂದು ಒಂದೇ ರಾತ್ರಿಯಲ್ಲಿ ತೆಂಗು ಉರುಳಿ ಪುಲಾಕದ ಹೊಂಡಕ್ಕೆ ಉಪ್ಪುನೀರು ನುಗ್ಗಿದರೆ ಎಲ್ಲರೂ ಒಟ್ಟಿಗೇ ಬರಿಗೈಯಾಗುವ ಜಾಗವದು. ಅಲ್ಲಿ ಒಬ್ಬನೇ ಕೂಡಿಟ್ಟುಕೊಂಡು ಬದುಕುವುದು ಸಾಧ್ಯವಿಲ್ಲ. ನೆಲವೂ ಕುಟುಂಬದ ಬಳಗಕ್ಕೆ ಸೇರಿದ್ದು, ಮಾರುವಂತಿಲ್ಲ. ಮನೆ ಹೆಣ್ಣುಮಕ್ಕಳದು. ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗಿ ನೆಲೆಸುವುದು ಹಳೆಯ ರೂಢಿ.

ಆಡಳಿತವೂ ಈ ಹಂಚಿಕೆಯ ಅಚ್ಚಿನಲ್ಲೇ ಮೂಡಿದೆ. ಪ್ರತಿ ಊರಿಗೂ ಹಿರಿಯರು, ಮನೆತನಗಳ ಮುಖ್ಯಸ್ಥರು ಕೂಡುವ ತೌಪುಲೆಗ ಎಂಬ ಸಭೆಯಿದೆ. ದೋಣಿ ಯಾವ ದಿನ ಕಡಲಿಗಿಳಿಯಬೇಕು, ತೆಂಗಿನಕಾಯಿ ಯಾವಾಗ ಕೀಳಬೇಕು ಎಂಬಲ್ಲಿಂದ ಹಿಡಿದು ಶಾಲೆ, ಆಸ್ಪತ್ರೆಯವರೆಗೆ ಅದರ ಮಾತು ನಡೆಯುತ್ತದೆ. ಊರಿನ ದುಡಿಯುವ ಗಂಡಸರ ಪಡೆ ಅದರ ಆಣತಿಯಂತೆ ಕೆಲಸಕ್ಕಿಳಿಯುತ್ತದೆ. ಮೂರು ವರ್ಷಕ್ಕೊಮ್ಮೆ ಪ್ರತಿ ಊರೂ ಇಬ್ಬರನ್ನು ಆರಿಸುತ್ತದೆ: ಹೊರಗಿನ ವ್ಯವಹಾರಕ್ಕೆ ಫೈಪುಲೆ, ಊರೊಳಗಿನ ಉಸ್ತುವಾರಿಗೆ ಪುಲೆನುಕು. ಮೂವರು ಫೈಪುಲೆ, ಮೂವರು ಪುಲೆನುಕು ಸೇರಿದರೆ ಅದೇ ಸಚಿವ ಸಂಪುಟ. ಮೂರೂ ಊರುಗಳ ಪ್ರತಿನಿಧಿಗಳು ಕೂಡುವ ಜನರಲ್ ಫೋನೊ ಎಂಬ ಶಾಸನಸಭೆಗೆ 1996ರಲ್ಲಿ ಕಾನೂನು ಮಾಡುವ ಅಧಿಕಾರ ಬಂತು. ನಾಡಿನ ಮುಖ್ಯಸ್ಥನಿಗೆ ಉಲು-ಒ-ಟೊಕೆಲಾವ್ ಎಂದು ಹೆಸರು. ಆ ಪಟ್ಟ ಮೂವರು ಫೈಪುಲೆಗಳ ನಡುವೆ ವರ್ಷಕ್ಕೊಬ್ಬರಂತೆ ಸರದಿಯಲ್ಲಿ ಸುತ್ತುತ್ತದೆ, ಅದರೊಂದಿಗೆ ಆಡಳಿತದ ಕೇಂದ್ರವೂ ಅಟಾಲ್‌ನಿಂದ ಅಟಾಲ್‌ಗೆ ಹೋಗುತ್ತದೆ. ಹೀಗಾಗಿ ಟೊಕೆಲಾವ್‌ಗೆ ಕಾಯಂ ರಾಜಧಾನಿಯಿಲ್ಲ. ನ್ಯೂಜಿಲೆಂಡ್ ನೇಮಿಸುವ ಆಡಳಿತಾಧಿಕಾರಿ ವೆಲ್ಲಿಂಗ್ಟನ್‌ನಲ್ಲಿರುತ್ತಾರೆ.

ಧರ್ಮವೂ ಮೂರು ಊರುಗಳಲ್ಲಿ ಒಂದೇ ಬಗೆಯಲ್ಲ. 19ನೆಯ ಶತಮಾನದ ಮಿಷನರಿಗಳು ಬಿಟ್ಟುಹೋದ ಗುರುತಿನಂತೆ ಅಟಾಫು ಪ್ರೊಟೆಸ್ಟೆಂಟರದು, ನುಕುನೋನು ಕ್ಯಾಥೊಲಿಕರದು, ಫಕಾಓಫೋದಲ್ಲಿ ಇಬ್ಬರೂ ಇದ್ದಾರೆ. ಭಾನುವಾರ ಮಾತ್ರ ಮೂರೂ ಕಡೆ ಕೆಲಸ ನಿಲ್ಲುತ್ತದೆ.

ಹೊರಗಿನವರ ಕಣ್ಣಿಗೆ ಅಟಾಫು ಬಿದ್ದದ್ದು 1765ರಲ್ಲಿ, ಬ್ರಿಟಿಷ್ ನೌಕಾಧಿಕಾರಿ ಜಾನ್ ಬೈರನ್ ಆ ದಾರಿಯಲ್ಲಿ ಬಂದಾಗ. ಆಮೇಲೆ ತಿಮಿಂಗಿಲ ಬೇಟೆಗಾರರು ಬಂದರು, ಮಿಷನರಿಗಳು ಬಂದರು. 1863ರಲ್ಲಿ ಬಂದವು ಪೆರುವಿನ ಹಡಗುಗಳು. ಅವು ಮೂರು ದ್ವೀಪಗಳಿಂದ 250ರಷ್ಟು ಜನರನ್ನು ಹೊತ್ತೊಯ್ದವು. ಅವರಲ್ಲಿ ಬಹುಪಾಲು ಗಟ್ಟಿಮುಟ್ಟಾದ ಗಂಡಸರು. ಹೋದವರಲ್ಲಿ ತಿರುಗಿ ಬಂದವರು ಇಲ್ಲವೆನ್ನುವಷ್ಟು ಕಡಿಮೆ. ಅದೇ ಕಾಲದಲ್ಲಿ ಆಮಶಂಕೆಯ ಬೇನೆಯೂ ಹರಡಿತು. ದೋಣಿ ಕಟ್ಟಬಲ್ಲ, ಕಡಲಿಗಿಳಿಯಬಲ್ಲ ಕೈಗಳೇ ಇಲ್ಲದ ಊರಿನಲ್ಲಿ ಉಳಿದ ಹೆಂಗಸರು, ಮಕ್ಕಳು, ಮುದುಕರು ಹೇಗೆ ದಿನ ದೂಡಿದರೋ, ನೆನೆದರೆ ಕರುಳು ಹಿಂಡುತ್ತದೆ. ಆ ಗಾಯ ಮಾಯುವ ಮೊದಲೇ 1889ರಲ್ಲಿ ಬ್ರಿಟನ್ ದ್ವೀಪಗಳನ್ನು ತನ್ನ ರಕ್ಷಣೆಗೆ ತೆಗೆದುಕೊಂಡಿತು. 1926ರಲ್ಲಿ ಆಡಳಿತ ನ್ಯೂಜಿಲೆಂಡಿನ ಕೈಗೆ ಬಂತು, 1949ರ ಆರಂಭದಿಂದ ಟೊಕೆಲಾವ್ ನ್ಯೂಜಿಲೆಂಡಿನದೇ ಭಾಗವಾಯಿತು. ಇಲ್ಲಿ ಹುಟ್ಟಿದವರು ಆ ದೇಶದ ಪ್ರಜೆಗಳು. ನಾಲ್ಕನೆಯ ದ್ವೀಪವೊಂದು ಇದರ ನಡುವೆ ಕೈತಪ್ಪಿತು. ತೆಂಕಣದ ಒಲೊಹೆಗವನ್ನು 1925ರಲ್ಲಿ ಅಮೆರಿಕ ತನ್ನ ಸಮೋವಾಕ್ಕೆ ಸೇರಿಸಿಕೊಂಡಿತ್ತು. ಅದರ ಮೇಲಿನ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ 1980ರಲ್ಲಿ ಸಹಿ ಬಿತ್ತು.

1966ರ ಚಂಡಮಾರುತದ ಬಳಿಕ ಜನರನ್ನು ನ್ಯೂಜಿಲೆಂಡಿಗೆ ಕರೆದೊಯ್ದು ನೆಲೆಗೊಳಿಸುವ ಸರ್ಕಾರಿ ಯೋಜನೆ ಬಿರುಸಾಯಿತು. 2016ರ ಜನಗಣತಿಯಲ್ಲಿ ದ್ವೀಪಗಳ ಕಾಯಂ ನಿವಾಸಿಗಳು 1,499. ಎರಡು ವರ್ಷದ ಬಳಿಕ ನ್ಯೂಜಿಲೆಂಡಿನಲ್ಲಿ ತಮ್ಮನ್ನು ಟೊಕೆಲಾವ್‌ನವರೆಂದು ಬರೆಸಿಕೊಂಡವರು 8,676. ವೆಲ್ಲಿಂಗ್ಟನ್ ಸಮೀಪದ ಪೊರಿರುವಾ, ಹಟ್ ಕಣಿವೆಗಳಲ್ಲಿ ಅವರ ಸಭಾಭವನಗಳಿವೆ, ಅಲ್ಲಿ ಹಾಡು ಕುಣಿತ ನಡೆಯುತ್ತವೆ. ‘ಮೊವಾನಾ’ ಚಲನಚಿತ್ರ ನೋಡಿದ ನಮ್ಮ ಮಕ್ಕಳೂ ತಿಳಿಯದೆಯೇ ಟೊಕೆಲಾವ್ ನುಡಿಯನ್ನು ಕೇಳಿದ್ದಾರೆ. ಅದರ ಹಾಡುಗಳನ್ನು ಕಟ್ಟಿದವರಲ್ಲಿ ಒಬ್ಬರಾದ ಒಪೆಟಾಯ ಫೋವಾಯ್ ಅವರ ತಂದೆ ಟೊಕೆಲಾವ್‌ನವರು.

ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಟೊಕೆಲಾವ್ ಇನ್ನೂ ಸ್ವಯಮಾಡಳಿತ ಪಡೆಯದ ಪ್ರದೇಶ. ಕುಕ್ ದ್ವೀಪಗಳು ಹಾಗೂ ನಿಯುವೆಯಂತೆ ನ್ಯೂಜಿಲೆಂಡಿನ ಸಖ್ಯದಲ್ಲೇ ಉಳಿದು ತಮ್ಮನ್ನು ತಾವು ಆಳಿಕೊಳ್ಳೋಣವೇ ಎಂದು ಎರಡು ಬಾರಿ ಜನಮತ ಕೇಳಲಾಯಿತು. ಗೆಲುವಿಗೆ ಮೂರರಲ್ಲಿ ಎರಡು ಪಾಲು ಮತ ಬೇಕು ಎಂಬುದು ಮೊದಲೇ ಆದ ತೀರ್ಮಾನ. 2006ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ವೀಕ್ಷಕರ ಕಣ್ಣೆದುರು ಮತದಾನ ಅಪಿಯಾದಿಂದ ಶುರುವಾಗಿ ಕಡಲ ಮೇಲೆ ಅಟಾಲ್‌ನಿಂದ ಅಟಾಲ್‌ಗೆ ಸಾಗಿತು. ಹೌದು ಎಂದವರು 349, ಬೇಡ ಎಂದವರು 232. ಮರುವರ್ಷ ಅಕ್ಟೋಬರಿನಲ್ಲಿ ಹೌದು ಎಂದವರು 446. ಬೇಡ ಎಂದವರಲ್ಲಿ 16 ಮಂದಿ ಹೌದು ಎಂದಿದ್ದರೆ ಗಡಿ ದಾಟುತ್ತಿತ್ತು. ಇದನ್ನು ಅಂಜುಬುರುಕುತನ ಎಂದವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ದೊಡ್ಡಾಸ್ಪತ್ರೆಗೆ ಹೋಗಲು ಕಡಲ ಮೇಲೆ ಒಂದು ರಾತ್ರಿ ಕಳೆಯಬೇಕಾದವರು, ಮಕ್ಕಳು ಮೊಮ್ಮಕ್ಕಳನ್ನು ಆಚೆ ದಡದಲ್ಲಿ ಇಟ್ಟುಕೊಂಡವರು ಪೌರತ್ವದ ಎಳೆ ಎಲ್ಲಿ ಸಡಿಲವಾದೀತೋ ಎಂದು ಹಿಂದೆಮುಂದೆ ನೋಡುವುದು ನ್ಯಾಯವೇ. ಇನ್ನೊಂದು ಜನಮತಕ್ಕೆ ಮೊದಲು ಹಡಗು, ಶಾಲೆ, ಆಸ್ಪತ್ರೆ ಸರಿಯಾಗಲಿ ಎಂದು ಟೊಕೆಲಾವ್, ನ್ಯೂಜಿಲೆಂಡ್ ಎರಡೂ ಕಡೆಯವರು ಒಪ್ಪಿಕೊಂಡರು.

ಆಮೇಲಿನ ವರ್ಷಗಳಲ್ಲಿ ಬಂದ ಬದಲಾವಣೆ ಸಣ್ಣದಲ್ಲ. 2012ರಲ್ಲಿ ಮೂರೂ ಅಟಾಲ್‌ಗಳಲ್ಲಿ 4,032 ಸೌರಫಲಕಗಳು, 1,344 ಬ್ಯಾಟರಿಗಳು ನಿಂತವು. ಪೀಪಾಯಿಗಟ್ಟಲೆ ಡೀಸೆಲನ್ನು ಅಲೆಗಳ ನಡುವೆ ಇಳಿಸಿ ಜನರೇಟರ್ ಓಡಿಸುತ್ತಿದ್ದ ಊರುಗಳು ವಿದ್ಯುತ್ತಿಗೆ ಬಹುಮಟ್ಟಿಗೆ ಬಿಸಿಲನ್ನೇ ನೆಚ್ಚುವಂತಾದವು. ಟ್ಯೂನಾ ಹಿಡಿಯುವ ವಿದೇಶಿ ಹಡಗುಗಳು ಕೊಡುವ ಶುಲ್ಕ ಬೊಕ್ಕಸದ ದೊಡ್ಡ ಆಸರೆ, ಉಳಿದದ್ದು ನ್ಯೂಜಿಲೆಂಡಿನ ನೆರವು. ಅಂತರಜಾಲದ ‘ಡಾಟ್ ಟಿಕೆ’ ವಿಳಾಸವೂ ಟೊಕೆಲಾವ್‌ನದೇ. ಡಚ್ ಉದ್ಯಮಿಯೊಬ್ಬರು ಅದನ್ನು ಪುಕ್ಕಟೆಯಾಗಿ ಹಂಚತೊಡಗಿದ ಮೇಲೆ ಎರಡು ಕೋಟಿಗೂ ಹೆಚ್ಚು ಜಾಲತಾಣಗಳು ಆ ಬಾಲ ಹಚ್ಚಿಕೊಂಡವು, ಅವುಗಳಲ್ಲಿ ಮೋಸಗಾರರದ್ದೂ ಬಹಳ. ದ್ವೀಪದ ಜನ ಮಾಡದ ಪಾಪಕ್ಕೆ ದ್ವೀಪದ ಹೆಸರು ಕೆಟ್ಟಿತು. 2023ರಲ್ಲಿ ಮೆಟಾ ಸಂಸ್ಥೆ ಆ ವ್ಯವಹಾರದ ಮೇಲೆ ಮೊಕದ್ದಮೆ ಹೂಡಿತು, ಹೊಸ ನೋಂದಣಿಯೂ ನಿಂತಿತು.

ಕಡಲು ಏರುತ್ತಿರುವ ಮಾತು ಇಲ್ಲಿ ಮುಂದಿನ ತಲೆಮಾರಿನದಲ್ಲ. 2005ರ ಪರ್ಸಿ ಚಂಡಮಾರುತದಲ್ಲಿ ಅಲೆಗಳು ಊರೊಳಗೆ ನುಗ್ಗಿದ್ದನ್ನು ಕಂಡವರು ಇಂದೂ ಅದೇ ಮನೆಗಳಲ್ಲಿದ್ದಾರೆ. ಪ್ಯಾರಿಸ್ ಹವಾಮಾನ ಒಪ್ಪಂದವನ್ನು ನ್ಯೂಜಿಲೆಂಡ್ 2017ರಲ್ಲಿ ಟೊಕೆಲಾವ್‌ಗೂ ಅನ್ವಯಿಸಿತು. ಹೊಗೆಯುಗುಳುವ ದೇಶಗಳ ಸಾಲಿನಲ್ಲಿ ಲೆಕ್ಕಕ್ಕೇ ಬಾರದ ಈ ಜನ ತಮ್ಮ ಪಾಲಿನ ದೀಪವನ್ನು ಅದಕ್ಕೂ ಐದು ವರ್ಷ ಮೊದಲೇ ಬಿಸಿಲಿಗೆ ಬದಲಾಯಿಸಿದ್ದರು ಎಂಬುದನ್ನು ದೊಡ್ಡ ದೇಶಗಳು ನೆನಪಿಟ್ಟುಕೊಳ್ಳಬೇಕು.

1990ರ ದಶಕದವರೆಗೂ ಹೊರಲೋಕಕ್ಕೆ ಫೋನ್ ಮಾಡಲಾಗದಿದ್ದ ದ್ವೀಪಗಳಿಗೆ 2022ರಲ್ಲಿ ಕಡಲಡಿಯ ಕೇಬಲ್ ತಲುಪಿತು. ಪೊರಿರುವಾದ ಮೊಮ್ಮಗಳು ಈಗ ಅಟಾಫುವಿನ ಅಜ್ಜಿಯ ಮುಖ ನೋಡುತ್ತಾ ಮಾತಾಡಬಹುದು. ಆದರೆ ಎರಡೂ ಜನಮತಗಳಲ್ಲಿ ನ್ಯೂಜಿಲೆಂಡಿನಲ್ಲಿ ನೆಲೆಸಿದವರಿಗೆ ಮತ ಇರಲಿಲ್ಲ, ಆ ಕೊರಗನ್ನು ಅವರು ಆಗಲೇ ಹೇಳಿಕೊಂಡಿದ್ದರು. ಮೂರನೆಯ ಬಾರಿ ಮತಪೆಟ್ಟಿಗೆ ಹೊರಟರೆ ಮೊದಲು ತೀರ್ಮಾನವಾಗಬೇಕಾದದ್ದು ಅದೇ. ಇನಾಟಿಯ ಗುಡ್ಡೆ ಹಾಕುವಾಗ ದಡದಲ್ಲಿರುವ ತಲೆಗಳನ್ನು ಎಣಿಸಿದರೆ ಸಾಕು. ನಾಡಿನ ಹಣೆಬರಹ ಬರೆಯುವಾಗ ದೂರ ಹೋದ ಸಾವಿರಾರು ಜನರನ್ನು ಎಣಿಸಬೇಕೇ ಬೇಡವೇ ಎಂಬುದನ್ನು ಮೂರು ತೌಪುಲೆಗಗಳ ಹಿರಿಯರು ಕೂತು ಹೇಳಬೇಕು. ಎಣಿಸಬೇಕೆಂದೇ ನನ್ನ ಆಸೆ.