ಧಾರವಾಡದಿಂದ ಆದೋನಿಯವರೆಗೆ: ಎಲ್ಲರಿಗೂ ತೆರೆದ ಶಾಲೆ

1856ರ ಜೂನ್ ತಿಂಗಳಿನಲ್ಲಿ ಮಹಾರ್ ಸಮುದಾಯದ ಬಾಲಕನೊಬ್ಬನು ಮುಂಬಯಿ ಸರ್ಕಾರಕ್ಕೆ ಅರ್ಜಿ ಸಲ್ಲಿಸಿದನು. ನಿಗದಿತ ಶುಲ್ಕವನ್ನು ಕೊಡಲು ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಶಾಲೆಯು ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂಬುದು ಅವನ ದೂರು. ನ್ಯಾಯವು ಬಾಲಕನ ಪಕ್ಷದಲ್ಲಿದೆಯೆಂದು ಸರ್ಕಾರ ಒಪ್ಪಿತು. ಆದರೆ ಅವನೊಬ್ಬನಿಗಾಗಿ ಉಳಿದವರು ಶಾಲೆ ಬಿಟ್ಟಾರೆಂಬ ಅಂಜಿಕೆಯಿಂದ ಪ್ರವೇಶ ಕೊಡಿಸಲಿಲ್ಲ. ಪ್ರಶ್ನೆಯು ಲಂಡನ್ನಿನವರೆಗೂ ಹೋಯಿತು. ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕ ಮಂಡಳಿಯು 1858ರಲ್ಲಿ ಸ್ಪಷ್ಟಪಡಿಸಿತು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಭೇದ ಅಳಿಯಲಿಲ್ಲ. ಹಲವು ದಶಕಗಳ ಅನಂತರ ಸಾತಾರದ ಶಾಲೆಗೆ ಸೇರಿದ ಬಾಲಕ ಅಂಬೇಡ್ಕರರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕುಳಿತುಕೊಳ್ಳಬೇಕಾಗಿತ್ತು. ಜವಾನನು ಬಂದು ನಲ್ಲಿ ತಿರುಗಿಸದಿದ್ದರೆ ಅವರಿಗೆ ಕುಡಿಯುವ ನೀರೂ ಇಲ್ಲ.

ಅಮೆರಿಕದಲ್ಲಿಯೂ ಕಪ್ಪು ಜನರ ಮಕ್ಕಳಿಗೆ ಬೇರೆ ಶಾಲೆಗಳಿದ್ದವು. 'ಬೇರೆಯಾದರೂ ಸಮಾನ' ಎಂಬ ವಾದವನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1954ರ ಮೇ 17ರಂದು ಶಾಲೆಗಳ ವಿಷಯದಲ್ಲಿ ತಳ್ಳಿಹಾಕಿತು: ಬೇರ್ಪಡಿಸುವುದೇ ಅಸಮಾನತೆ. ಆದರೂ 1957ರಲ್ಲಿ ಲಿಟಲ್ ರಾಕ್ ನಗರದ ಒಂಬತ್ತು ವಿದ್ಯಾರ್ಥಿಗಳು ಸೈನಿಕರ ರಕ್ಷಣೆಯಲ್ಲಿ ಶಾಲೆಗೆ ಹೋಗಬೇಕಾಯಿತು.

ನಮ್ಮ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. 29(2)ನೆಯ ಅನುಚ್ಛೇದವು ಧರ್ಮ, ಜನಾಂಗ, ಜಾತಿ, ಭಾಷೆಗಳ ಕಾರಣದಿಂದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಪ್ರವೇಶ ನಿರಾಕರಿಸಬಾರದೆಂದು ವಿಧಿಸುತ್ತದೆ. ಜಾತಿ ಮತ್ತು ಭಾಷೆ ಇಲ್ಲಿ ಒಂದೇ ವಾಕ್ಯದಲ್ಲಿವೆ ಎಂಬುದನ್ನು ಕನ್ನಡ ಶಿಕ್ಷಕರು ವಿಶೇಷವಾಗಿ ಗಮನಿಸಬೇಕು.

ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಇಲ್ಲಿನ ಕನ್ನಡಿಗರು ಅಂದಿನಿಂದ ಭಾಷಾ ಅಲ್ಪಸಂಖ್ಯಾತರು. ಕನ್ನಡ ಮಾಧ್ಯಮದ ತರಗತಿ ಬೇರೆ ನಡೆಯುವುದು ಬೇರ್ಪಡಿಸುವಿಕೆಯಲ್ಲವೇ ಎಂಬ ಸಂದೇಹ ಬರಬಹುದು. ಅಲ್ಲ. ಮಾತೃಭಾಷೆಯಲ್ಲಿ ಕಲಿಯುವ ಅವಕಾಶವು ಮಗುವಿಗೆ ದೊರೆತ ಸೌಲಭ್ಯ. 350ಎ ಅನುಚ್ಛೇದದ ಆಶಯವೂ ಅದೇ. ಜಾತಿಯ ಹೆಸರಿನಲ್ಲಿ ದೂರವಿಡುವುದು ಮಗುವಿನ ಮೇಲೆ ಹೇರಿದ ಅವಮಾನ. ಭಾಷೆಗೆ ಸಮಾನತೆ ಕೇಳುವ ತರಗತಿಯು ತನ್ನೊಳಗಿನ ಮಗುವಿಗೆ ಅದನ್ನು ನಿರಾಕರಿಸಿದರೆ ಆ ಬೇಡಿಕೆಯ ಬಲವೇ ಕುಂದುತ್ತದೆ.

ಆದುದರಿಂದ ಶಿಕ್ಷಕರು ಹಾಜರಿ ಪುಸ್ತಕದಷ್ಟೇ ಎಚ್ಚರದಿಂದ ಕೆಲವು ಸಂಗತಿಗಳನ್ನು ನೋಡಬೇಕು: ಕೊನೆಯ ಸಾಲಿನಲ್ಲಿ ನಿತ್ಯವೂ ಯಾರು ಕೂರುತ್ತಾರೆ? ಮಧ್ಯಾಹ್ನದ ಊಟಕ್ಕೆ ಯಾರು ಯಾರ ಪಕ್ಕದಲ್ಲಿ ಕೂರುವುದಿಲ್ಲ? ಕಸ ಗುಡಿಸುವ ಕೆಲಸ ಯಾವ ಮಕ್ಕಳ ಪಾಲಿಗೆ ಬರುತ್ತದೆ? ಸಾಲುಗಳನ್ನು ವಾರಕ್ಕೊಮ್ಮೆ ಬದಲಿಸಿ, ಕೆಲಸಗಳನ್ನು ಸರದಿಯಂತೆ ಹಂಚಿ, ಶಿಕ್ಷಕರೂ ಮಕ್ಕಳ ಪಂಕ್ತಿಯಲ್ಲಿಯೇ ಕುಳಿತು ಉಣ್ಣುವುದು ಒಳ್ಳೆಯ ಆರಂಭ. ಧಾರವಾಡದ ಬಾಲಕನಿಗೆ ಅಂದು ಸಿಗದ ಸ್ಥಾನವನ್ನು ಇಂದಿನ ಮಗುವಿಗೆ ತರಗತಿಯಲ್ಲಿ ದೊರಕಿಸಬೇಕಾದವರು ಶಿಕ್ಷಕರೇ.